ಸಿಇಟಿ ಗಣಿತಕ್ಕೆ ಇಂಗ್ಲಿಷ್ ಪದಗಳ ಪಟ್ಟಿ ಕೊಡ್ತೀರಾ?

ಬೈಂದೂರು, ಕಾರ್ಕಳ, ಬೆಳ್ತಂಗಡಿ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಹತ್ತನೇ ತರಗತಿ ಮುಗಿಸಿ ಉಡುಪಿ, ಮಂಗಳೂರಿನ ಕಾಲೇಜುಗಳಿಗೆ ಪಿಯು ವಿಜ್ಞಾನ ಓದಲು ಬರುವ ಮಕ್ಕಳು ತುಂಬ ಇದ್ದಾರೆ. ಅವರೂ ಅವರ ಮನೆಯವರೂ ಕೇಳುವ ಪ್ರಶ್ನೆ ಒಂದೇ: “ಗಣಿತದ ಇಂಗ್ಲಿಷ್ ಪದಗಳ ಒಂದು ಪಟ್ಟಿ ಕೊಡ್ತೀರಾ? ಬಾಯಿಪಾಠ ಮಾಡಿದರೆ ಸಿಇಟಿಗೆ ಸಾಕಲ್ವಾ?”

ಸಾಕಾಗುವುದಿಲ್ಲ. ಪಟ್ಟಿಯಲ್ಲಿ ಸಿಗುವ ಪದಗಳು ಮಕ್ಕಳಿಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ. ವರ್ಗ ಸಮೀಕರಣ ಕ್ವಾಡ್ರಾಟಿಕ್ ಇಕ್ವೇಶನ್ ಆಗುತ್ತದೆ, ಬಹುಪದೋಕ್ತಿ ಪಾಲಿನೋಮಿಯಲ್, ಸಹಗುಣಕ ಕೋಎಫಿಶಿಯೆಂಟ್, ಶೋಧಕ ಡಿಸ್ಕ್ರಿಮಿನೆಂಟ್. ವಿಷಯ ಗೊತ್ತಿದೆ, ಹೆಸರು ಮಾತ್ರ ಹೊಸದು. ಪಿಯು ಶುರುವಾದ ಮೊದಲ ತಿಂಗಳಲ್ಲೇ ನಾಲಿಗೆಗೆ ಹತ್ತುತ್ತವೆ. ವಿಕರ್ಣ ಎಂದರೆ ಹೈಪಾಟಿನ್ಯೂಸ್, ಕರ್ಣ ಎಂದರೆ ಡಯಾಗನಲ್ ಎಂಬ ಜೋಡಿಯನ್ನು ಮಾತ್ರ ಚಿತ್ರ ಬಿಡಿಸಿ ಕಲಿಯಿರಿ, ಅದು ಅದಲುಬದಲಾಗುತ್ತಲೇ ಇರುತ್ತದೆ.

ಅಂಕ ಹೋಗುವುದು ಯಾವ ಪಟ್ಟಿಯಲ್ಲೂ ಇಲ್ಲದ ಸಣ್ಣ ಪದಗಳಲ್ಲಿ. ಮೂರು ನಾಣ್ಯ ಚಿಮ್ಮುವ ಲೆಕ್ಕ ನೋಡಿ. ‘ಎಗ್ಸಾಕ್ಟ್ಲಿ ಟೂ ಹೆಡ್ಸ್’ ಎಂದರೆ ಸಂಭವನೀಯತೆ 3/8. ‘ಅಟ್ ಲೀಸ್ಟ್ ಟೂ’ ಎಂದರೆ ಎರಡು ಅಥವಾ ಮೂರು, ಆಗ 4/8. ‘ಅಟ್ ಮೋಸ್ಟ್ ಟೂ’ ಎಂದರೆ ಸೊನ್ನೆ, ಒಂದು, ಎರಡು ಎಲ್ಲ ಸೇರಿ 7/8. ಲೀಸ್ಟ್ ಎಂದರೆ ಕಡಿಮೆ ಎಂದಷ್ಟೇ ಕಲಿತ ಮಗು ‘ಅಟ್ ಲೀಸ್ಟ್’ ಕಂಡಾಗ ಎರಡಕ್ಕಿಂತ ಕಡಿಮೆ ಇರುವುದನ್ನು ಎಣಿಸುತ್ತದೆ. ಅದಕ್ಕೆ 4/8 ಸಿಗುತ್ತದೆ, ಸರಿ ಉತ್ತರವೂ ಅದೇ ಆದ್ದರಿಂದ ತಪ್ಪು ಗೊತ್ತೇ ಆಗುವುದಿಲ್ಲ! ನಾಲ್ಕು ನಾಣ್ಯ ಕೊಟ್ಟು ನೋಡಿ: ಸರಿ ಉತ್ತರ 11/16, ತಪ್ಪು ಓದಿನದು 5/16.

‘ಪಾಸಿಟಿವ್’ ಮತ್ತು ‘ನಾನ್ ನೆಗೆಟಿವ್’ ನಡುವೆ ಇರುವ ವ್ಯತ್ಯಾಸ ಸೊನ್ನೆ ಒಂದೇ. ಆದರೂ ಎರಡು ಪೂರ್ಣಾಂಕಗಳ ಮೊತ್ತ 5 ಆಗಬೇಕಾದರೆ ಕ್ರಮವನ್ನೂ ಲೆಕ್ಕಕ್ಕಿಟ್ಟರೆ ಮೊದಲನೆಯದಕ್ಕೆ 4 ಜೋಡಿ, ಎರಡನೆಯದಕ್ಕೆ 6 ಜೋಡಿ. ‘ರಿಯಲ್ ರೂಟ್ಸ್’ ಎಂದರೆ ಶೋಧಕ ಸೊನ್ನೆಯೂ ಆಗಬಹುದು. ‘ರಿಯಲ್ ಆ್ಯಂಡ್ ಡಿಸ್ಟಿಂಕ್ಟ್’ ಎಂದ ಕೂಡಲೇ ಅದು ಸೊನ್ನೆಗಿಂತ ಹೆಚ್ಚೇ ಇರಬೇಕು. ಇನ್ನು ‘ನೋ ತ್ರೀ ಆಫ್ ದೆಮ್ ಆರ್ ಕೊಲಿನಿಯರ್’. ಹತ್ತು ಬಿಂದುಗಳಿದ್ದು ಯಾವ ಮೂರೂ ಒಂದೇ ರೇಖೆಯಲ್ಲಿ ಇಲ್ಲದಿದ್ದರೆ 120 ತ್ರಿಭುಜ, 45 ರೇಖೆ. ಅವುಗಳಲ್ಲಿ ನಾಲ್ಕು ಬಿಂದು ಮಾತ್ರ ಒಂದೇ ರೇಖೆಯಲ್ಲಿದ್ದರೆ 116 ತ್ರಿಭುಜ, 40 ರೇಖೆ. ಕೊಲಿನಿಯರ್ ಪದದ ಅರ್ಥ ಗೊತ್ತಿದ್ದವರೂ ‘ನೋ ತ್ರೀ’ ಎಂಬಲ್ಲಿ ಎಡವುತ್ತಾರೆ.

ಪದಗಳ ಕ್ರಮದ್ದು ಬೇರೆಯದೇ ತೊಡಕು. ಕನ್ನಡದಲ್ಲಿ ‘ವೈಗಿಂತ 5 ಕಡಿಮೆ’ ಎಂದು ಕೇಳಿದ ಹಾಗೇ ವೈ − 5 ಎಂದು ಬರೆದುಕೊಂಡು ಹೋಗಬಹುದು. ‘5 ಲೆಸ್ ದ್ಯಾನ್ ವೈ’ಯನ್ನು ಹಾಗೆ ಬರೆದರೆ 5 − ವೈ ಆಗಿ ಲೆಕ್ಕ ಕೆಡುತ್ತದೆ. ನಡುವೆ ಒಂದು ‘ಈಸ್’ ಸೇರಿ ‘5 ಈಸ್ ಲೆಸ್ ದ್ಯಾನ್ ವೈ’ ಆದರೆ ಕಳೆಯುವ ಮಾತೇ ಇಲ್ಲ, ಅದು 5 < ವೈ ಎಂಬ ಅಸಮತೆ. ‘3 ಡಿವೈಡ್ಸ್ 12’ ಎಂದರೆ 12 ಎಂಬುದು 3ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ ಎಂದರ್ಥ. ಸಂಬಂಧಗಳ (ರಿಲೇಶನ್ಸ್) ಪಾಠದಲ್ಲಿ ಇದನ್ನು ತಿರುವಿ ಓದಿದರೆ (2, 4) ಇರಬೇಕಾದಲ್ಲಿ (4, 2) ಬಂದು ಕೂರುತ್ತದೆ. ಒಂದು ಅಟ್ಟೆ ಮಲ್ಲಿಗೆಯ ದರ 800 ರೂಪಾಯಿ ಇತ್ತು ಎಂದಿಟ್ಟುಕೊಳ್ಳಿ. ‘ಇನ್‌ಕ್ರೀಸ್ಡ್ ಬೈ 25 ಪರ್ಸೆಂಟ್’ ಎಂದರೆ 1,000 ಆಯಿತು. ‘ಇನ್‌ಕ್ರೀಸ್ಡ್ ಟು 1,200’ ಎಂದರೆ ಏರಿಕೆ ಶೇ. 50.

ದಿನನಿತ್ಯ ಕೇಳುವ ಪದಗಳನ್ನು ಯಾರೂ ನಿಘಂಟಿನಲ್ಲಿ ಹುಡುಕುವುದಿಲ್ಲ, ಅದೇ ಅಪಾಯ. ನಮ್ಮ ತರಗತಿಗಳಲ್ಲಿ ‘ಇಂಟು’ ಎಂದರೆ ಗುಣಾಕಾರ; ಫಂಕ್ಷನ್‌ಗಳ ಪಾಠದಲ್ಲಿ ಅದು ‘ಆಂಟು’ ಅಲ್ಲದ ಫಂಕ್ಷನ್. ‘ರೇಂಜ್’ ಸಂಖ್ಯಾಶಾಸ್ತ್ರದಲ್ಲಿ ಗರಿಷ್ಠದಿಂದ ಕನಿಷ್ಠ ಕಳೆದ ಒಂದು ಸಂಖ್ಯೆ, ಫಂಕ್ಷನ್‌ನಲ್ಲಿ ಬೆಲೆಗಳ ಒಂದು ಗಣ. ‘ನಾರ್ಮಲ್’ ಎಂದರೆ ವಕ್ರರೇಖೆಯ ಸ್ಪರ್ಶಕಕ್ಕೆ ಸ್ಪರ್ಶಬಿಂದುವಿನಲ್ಲಿ ಎಳೆದ ಲಂಬ. ಡಿಗ್ರಿ, ಆರ್ಡರ್, ಮೈನರ್, ಆರ್ಗ್ಯುಮೆಂಟ್ ಇವೂ ಇದೇ ಗುಂಪಿನವು.

ಕಲಿಯುವ ಬಗೆ ಹೇಳುತ್ತೇನೆ. 200 ಪುಟದ ಒಂದು ನೋಟ್‌ಬುಕ್ ಇಡಿ. ಅಕಾರಾದಿ ಬೇಡ, ಪಾಠದ ಕ್ರಮದಲ್ಲೇ ಹೋಗಿ. ಪಾಠ ಶುರುವಾಗುವ ಹಿಂದಿನ ದಿನ ಎನ್‌ಸಿಇಆರ್‌ಟಿ ಪುಸ್ತಕದಲ್ಲಿ ದಪ್ಪಕ್ಷರದಲ್ಲಿರುವ ಪದಗಳನ್ನು ಆರಿಸಿ, ದಿನಕ್ಕೆ ಎಂಟಕ್ಕಿಂತ ಹೆಚ್ಚು ಬೇಡ. ಪ್ರತಿ ಪದಕ್ಕೂ ಅದು ಬಂದ ಇಡೀ ವಾಕ್ಯ, ಶಾಲೆಯಲ್ಲಿ ಕಲಿತ ಕನ್ನಡ ಪದ, ಒಂದು ಉದಾಹರಣೆ, ಜೊತೆಗೆ ಆ ಪದಕ್ಕೆ ಹೊಂದದ ಇನ್ನೊಂದು ಉದಾಹರಣೆ ಬರೆಯಿರಿ. ಹೊಂದದ ಉದಾಹರಣೆಯನ್ನು ಬಿಟ್ಟುಬಿಡುವವರೇ ಜಾಸ್ತಿ. ಅದಿಲ್ಲದಿದ್ದರೆ ಪದದ ಗಡಿ ಎಲ್ಲಿ ಎಂದು ತಿಳಿಯುವುದೇ ಇಲ್ಲ.

ಇದಕ್ಕಿಂತ ಮುಖ್ಯವಾದ ಅಭ್ಯಾಸ ಇನ್ನೊಂದಿದೆ. ಹಳೆಯ ಸಿಇಟಿ ಪತ್ರಿಕೆಯಿಂದ ಮಾತಿನಲ್ಲಿರುವ ಹತ್ತು ಪ್ರಶ್ನೆ ತೆಗೆದುಕೊಳ್ಳಿ. ಬಿಡಿಸಬೇಡಿ. ಪ್ರತಿ ವಾಕ್ಯವನ್ನೂ ಚಿಹ್ನೆಗಳಲ್ಲಿ ಬರೆಯಿರಿ, ಅಷ್ಟೇ. ಮೊದಲ ಕೆಲವು ವಾರ ಮನಸ್ಸಿನಲ್ಲಿ ಕನ್ನಡಕ್ಕೆ ತಂದುಕೊಂಡೇ ಬರೆದರೂ ಅಡ್ಡಿಯಿಲ್ಲ. ಆಮೇಲೆ ಇಂಗ್ಲಿಷಿನಿಂದ ನೇರ ಚಿಹ್ನೆಗೆ ಬರಬೇಕು. ಸಿಇಟಿ ಗಣಿತದಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಒಂದಕ್ಕೆ 80 ಸೆಕೆಂಡ್. ಓದಿಗೇ 40 ಸೆಕೆಂಡ್ ಹೋದರೆ ಬಿಡಿಸುವುದು ಯಾವಾಗ? ಅದಾದ ಮೇಲೆ ಉಲ್ಟಾ ಮಾಡಿ: ಚಿಹ್ನೆ ನೋಡಿ ಇಂಗ್ಲಿಷ್ ವಾಕ್ಯವನ್ನು ಗಟ್ಟಿಯಾಗಿ ಹೇಳಿ. ಮನೆಯಲ್ಲಿ ತುಳು, ಕೊಂಕಣಿ, ಬ್ಯಾರಿ ಆಡುವ ಮಕ್ಕಳು ಒಂದನೇ ತರಗತಿಯಲ್ಲಿ ಕನ್ನಡ ಕಲಿತದ್ದೂ ಹೀಗೆ ಇಡೀ ವಾಕ್ಯ ಕೇಳಿ, ಹೇಳಿಯೇ. ಅವರಿಗೆ ಈ ದಾರಿ ಹೊಸದಲ್ಲ, ಧೈರ್ಯವಾಗಿರಲಿ.

ಪರೀಕ್ಷೆಯಲ್ಲಿ ಮೊದಲು ‘ನಾಟ್’, ‘ಎಕ್ಸೆಪ್ಟ್’, ‘ಇನ್‌ಕರೆಕ್ಟ್’ ಇದೆಯೇ ನೋಡಿ ಸುತ್ತು ಹಾಕಿ. ಸಿಇಟಿಯಲ್ಲಿ ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಆದ್ದರಿಂದ ವಾಕ್ಯ ಅರ್ಥವಾಗದ ಪ್ರಶ್ನೆಗೂ ಉತ್ತರ ಗುರುತಿಸಿ ಮುಂದೆ ಹೋಗಿ.

ಎಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್ 2021ರಿಂದ ಕನ್ನಡದಲ್ಲೂ ಇದೆಯಲ್ಲ, ಅದರಲ್ಲಿ ಕನ್ನಡ ಪತ್ರಿಕೆಯನ್ನೇ ಆರಿಸಬಹುದೇ ಎಂದೂ ಕೇಳುತ್ತಾರೆ. ಪಿಯುವಿನ ಎರಡು ವರ್ಷ ಡಿಫರೆನ್ಶಿಯೇಶನ್, ಇಂಟಿಗ್ರೇಶನ್ ಎಂದೇ ಕೇಳಿದ ಮಗುವಿಗೆ ಅವಕಲನ, ಅನುಕಲನ ಎಂಬ ಪದಗಳು ಆ ಹೊತ್ತಿಗೆ ಪರಕೀಯವಾಗಿರುತ್ತವೆ. ಅನುವಾದದಲ್ಲಿ ಗೊಂದಲ ಬಂದರೆ ಅಂತಿಮ ಎನಿಸುವುದೂ ಇಂಗ್ಲಿಷ್ ಪ್ರಶ್ನೆಯೇ. ಕನ್ನಡ ಪಾರಿಭಾಷಿಕಗಳಲ್ಲೇ ಎರಡು ವರ್ಷ ಅಭ್ಯಾಸ ಮಾಡಿದ್ದರೆ ಧಾರಾಳವಾಗಿ ಆರಿಸಿ. ಇಲ್ಲವಾದರೆ ಅರ್ಜಿ ತುಂಬುವ ಮೊದಲು ಹಿಂದಿನ ವರ್ಷದ ಒಂದು ಕನ್ನಡ ಪತ್ರಿಕೆಯನ್ನು ಗಡಿಯಾರ ಇಟ್ಟು ಬಿಡಿಸಿ ನೋಡಿ.