‘ನಡೀತೈತೇನ್ರಿ?’

ಚರ್ಚಿನಲ್ಲಿ ಭಾನುವಾರದ ಆರಾಧನೆ ಮುಗಿದು, ಎಲ್ಲರೂ ಬಾಗಿಲ ಬಳಿ ಚಪ್ಪಲಿ ಹುಡುಕುವ ಹೊತ್ತಿಗೆ ಪಾಸ್ಟರಾದ ನನಗೆ ಈ ಪ್ರಶ್ನೆ ಬರುತ್ತದೆ. ಬೆಳಗಾವಿ, ಬಾಗಲಕೋಟೆಯವರಾದರೆ ‘ನಡೀತೈತೇನ್ರಿ?’, ಇಂಡಿ, ಸಿಂದಗಿ ಕಡೆಯವರಾದರೆ ‘ನಡೀತದೇನ್ರಿ?’. ಬದಲಾಗುವುದು ಅದರ ಹಿಂದಿನ ಮಾತು ಮಾತ್ರ. ದಶಮಾಂಶ, ಅಂದರೆ ಗಳಿಕೆಯಲ್ಲಿ ದೇವರಿಗೆಂದು ಕೊಡುವ ಹತ್ತನೇ ಪಾಲು, ಈ ತಿಂಗಳು ಬಿಟ್ಟು ಮುಂದಿನ ತಿಂಗಳು ಕೂಡಿಸಿ ಕೊಟ್ಟರೆ? ಪಕ್ಕದ ಮನೆಯವರು ಕೊಟ್ಟ ಪಂಚಮಿ ಉಂಡಿ ತಿಂದರೆ? ಭಾನುವಾರ ದ್ರಾಕ್ಷಿಗೆ ಔಷಧ ಹೊಡೆದರೆ? ತಮ್ಮನ ಜೊತೆ ಮಾತು ಬಿಟ್ಟವನು ಕರ್ತನ ಭೋಜನ (ಯೇಸುವಿನ ನೆನಪಿಗೆ ಹಂಚುವ ರೊಟ್ಟಿ, ದ್ರಾಕ್ಷಾರಸ) ತೆಗೆದುಕೊಂಡರೆ? ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತೇನೆ, ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುವುದು.

ಮೊದಲು ಸಿಟ್ಟು ಕಾರಿಕೊಂಡುಬಿಡುತ್ತೇನೆ. ‘ನಡೀತೈತೇನ್ರಿ’ ಎನ್ನುವುದು ಕಚೇರಿ ಕೌಂಟರಿನ ಮಾತು. ಆಧಾರ್ ಜೆರಾಕ್ಸ್ ಒಂದೇ ಐತಿ, ನಡೀತೈತೇನ್ರಿ? ಅಲ್ಲಿ ಅದು ಸರಿಯಾದ ಪ್ರಶ್ನೆಯೇ, ಕೆಲಸ ಆದರೆ ಸಾಕು. ದೇವರ ಮುಂದೆಯೂ ಅದೇ ಲೆಕ್ಕ ಹಿಡಿದು ಬರುತ್ತಾರೆ. ‘ನಡೆಯೂದಿಲ್ಲ’ ಅಂದರೆ ಸುಮ್ಮನಾಗುವುದೂ ಇಲ್ಲ, ಇನ್ನೊಬ್ಬ ಪಾಸ್ಟರನ್ನು ಕೇಳುತ್ತಾರೆ. ಮೂರನೆಯವರು ‘ನಡೀತೈತಿ ಬಿಡ್ರಿ’ ಅಂದರೆ ಅದು ದೇವರ ಚಿತ್ತ.

ಬೈಬಲ್‌ನಲ್ಲಿ ಈ ಲೆಕ್ಕ ಹಾಕಿದವನು ರಾಜ ಸೌಲ. 1 ಸಮುವೇಲ 15ನೇ ಅಧ್ಯಾಯ ತೆಗೆಯಿರಿ. ಅಮಾಲೇಕ್ಯರ ಮೇಲೆ ಹೋಗು, ಏನನ್ನೂ ಉಳಿಸಿಕೊಳ್ಳಬೇಡ ಎಂದು ಅಪ್ಪಣೆ. (ಆ ಅಪ್ಪಣೆ ಎಷ್ಟು ಕಠೋರ ಎಂಬುದನ್ನು ನಾನು ಮುಚ್ಚಿಡುವುದಿಲ್ಲ. ಅದರ ಬಗ್ಗೆ ಬೇರೆಯೇ ಬರೆಯಬೇಕು.) ಸೌಲ ಅಮಾಲೇಕ್ಯರ ರಾಜ ಅಗಾಗನನ್ನೂ ಒಳ್ಳೆಯ ಕುರಿ-ದನಗಳನ್ನೂ ಉಳಿಸಿಕೊಂಡ, ಕುರಿ-ದನಗಳಲ್ಲಿ ಕೈಲಾಗದವನ್ನು ಮಾತ್ರ ಕೊಂದ. ಆಮೇಲೆ ತನ್ನ ಹೆಸರಿಗೊಂದು ಜ್ಞಾಪಕಸ್ತಂಭ ನಿಲ್ಲಿಸಿ, ಪ್ರವಾದಿ ಸಮುವೇಲನ ಎದುರು ಬಂದು ‘ಕರ್ತನ ಅಪ್ಪಣೆ ನೆರವೇರಿಸಿದ್ದೇನೆ’ ಅಂದ. ಸಮುವೇಲ ಕೇಳಿದ: ಹಾಗಾದರೆ ನನ್ನ ಕಿವಿಗೆ ಬೀಳುತ್ತಿರುವ ಈ ಕುರಿಗಳ ಕೂಗು ಏನು?

ಸೌಲನ ಉತ್ತರ: ಜನ ಉಳಿಸಿದ್ದು, ದೇವರಿಗೆ ಯಜ್ಞ ಮಾಡಲಿಕ್ಕೆ. ಕೇಳಲು ಭಕ್ತಿಯ ಮಾತೇ. ಆದರೆ ಸಮಾಧಾನಯಜ್ಞದ ಪಾಲು ಹಂಚಿಕೆ ಗೊತ್ತಿದ್ದವರಿಗೆ ಇದರಲ್ಲಿ ಊಟದ ವಾಸನೆ ಹತ್ತುತ್ತದೆ. ಯಾಜಕಕಾಂಡ 7ರ ಪ್ರಕಾರ ಕೊಬ್ಬು ಬೆಂಕಿಗೆ, ಎದೆ ಮತ್ತು ಬಲತೊಡೆ ಯಾಜಕರಿಗೆ, ಉಳಿದ ಮಾಂಸವೆಲ್ಲ ಅರ್ಪಿಸಿದವನ ಮನೆಗೆ. ಪೂರ್ತಿ ಸುಟ್ಟುಬಿಡುವ ಸರ್ವಾಂಗಹೋಮದ ಹೆಸರನ್ನು ಸೌಲ ಎತ್ತಲೇ ಇಲ್ಲ.

ಇನ್ನು ಮಾತಿನ ವಿಷಯ. ನಮ್ಮ ಪ್ರಸಂಗಗಳಲ್ಲಿ ‘ವಿಧೇಯತೆ’ ಎನ್ನುತ್ತಾರೆ. ಮನೆಯಲ್ಲಿ ಆ ಶಬ್ದ ಯಾರೂ ಆಡುವುದಿಲ್ಲ. ‘ಹುಡುಗ ಹೇಳಿದ ಮಾತ ಕೇಳ್ತಾನ’, ‘ಮಾತ ಕೇಳೂದಿಲ್ಲ’, ಅಷ್ಟೇ. ಹೀಬ್ರೂ ಕೂಡ ನಮ್ಮ ಮನೆಮಾತಿನ ಹಾಗೆಯೇ. ‘ಶಾಮಾ’ ಅಂದರೆ ಕಿವಿಯಿಂದ ಕೇಳುವುದೂ ಹೌದು, ಹೇಳಿದಂತೆ ನಡೆಯುವುದೂ ಹೌದು. ‘ಕೋಲ್’ ಅಂದರೆ ದನಿ, ನಮ್ಮ ಬಡಿಗೆಯಲ್ಲ. ಈ ಎರಡು ಶಬ್ದ ಹಿಡಿದು 15ನೇ ಅಧ್ಯಾಯವನ್ನು ಮತ್ತೆ ಓದಿ. ಮೊದಲ ವಚನದಲ್ಲಿ ‘ಕರ್ತನ ದನಿ ಕೇಳು’. 14ರಲ್ಲಿ ಸಮುವೇಲನಿಗೆ ಕೇಳಿಸಿದ್ದು ಕುರಿ-ದನಗಳ ದನಿ. 22ರಲ್ಲಿ, ಯಜ್ಞಕ್ಕಿಂತ ದನಿ ಕೇಳುವುದು ಲೇಸು. 24ರಲ್ಲಿ ಸೌಲ ಕೊನೆಗೂ ಒಪ್ಪಿಕೊಳ್ಳುತ್ತಾನೆ: ಜನರಿಗೆ ಹೆದರಿ ಅವರ ದನಿ ಕೇಳಿದೆ. ಎಲ್ಲ ಕಡೆಯೂ ಅವೇ ಎರಡು ಶಬ್ದ. ಅಂದರೆ ಸೌಲ ಮಾತು ಕೇಳದವನಲ್ಲ, ಬೇರೆಯವರ ಮಾತು ಕೇಳಿದವನು.

ಹೀಗಾಗಿ ನನ್ನನ್ನು ಯಾರಾದರೂ ಕೇಳಲಿ ಎಂದು ನಾನು ಕಾಯುವ ಪ್ರಶ್ನೆ ಬೇರೆ. ಮಗ ಕೆಟ್ಟ ಕೆಲಸ ಮಾಡಿ ಬಂದಾಗ ನಮ್ಮ ಕಡೆಯ ತಾಯಂದಿರು ಕೇಳುತ್ತಾರಲ್ಲ, ‘ಯಾರ ಮಾತ ಕೇಳಿ ಹಿಂಗ ಮಾಡ್ದಿ?’ ಅಂತ, ಅದು. ಅತ್ತಿಗೆಯ ಮಾತೇ, ಸಾಲದ ಹೆದರಿಕೆಯ ಮಾತೇ, ಊರು ಏನಂದೀತು ಎನ್ನುವ ಮಾತೇ? ಹೆಸರು ಹೇಳಿ. ‘ನಾನು ಬಲಹೀನ’ ಎಂದು ಅಳುವುದಕ್ಕಿಂತ ಅದು ಕಷ್ಟ. ‘ದೇವರು ನನಗ ಹೇಳ್ಯಾನ, ನೀ ಹೊಲ ಮಾರು’ ಎಂದು ಬರುವವರ ಮಾತನ್ನೂ ಈ ಪಟ್ಟಿಗೆ ಸೇರಿಸಿ. 1 ಅರಸುಗಳು 13ರಲ್ಲಿ ಯೆಹೂದದಿಂದ ಬಂದ ದೇವರ ಮನುಷ್ಯನಿಗೆ, ಹೋದ ಊರಲ್ಲಿ ಊಟ ಮಾಡಬೇಡ ಎಂಬ ಅಪ್ಪಣೆಯಿತ್ತು. ಒಬ್ಬ ಮುದುಕ ಪ್ರವಾದಿ ‘ದೇವದೂತ ನನಗೆ ಹೇಳಿದ’ ಎಂದು ಸುಳ್ಳು ಹೇಳಿ ಉಣ್ಣಿಸಿದ. ಸಿಂಹ ಕೊಂದದ್ದು ಉಂಡವನನ್ನು.

ಕೆಲವರು ಉಲ್ಟಾ ಕೇಳುತ್ತಾರೆ: ಬೋರ್ ಬತ್ತಿತು, ಯಾವ ಆಜ್ಞೆ ಮೀರಿದ್ದಕ್ಕೆ ಈ ಶಿಕ್ಷೆ? ಯೋಹಾನ 9:3 ಮತ್ತು ಲೂಕ 13:4. ಹುಟ್ಟುಕುರುಡನೂ ಪಾಪ ಮಾಡಿರಲಿಲ್ಲ, ಅವನ ತಂದೆತಾಯಿಯೂ ಮಾಡಿರಲಿಲ್ಲ. ಸಿಲೋವದ ಗೋಪುರ ಬಿದ್ದು ಸತ್ತ 18 ಮಂದಿ ಜೆರುಸಲೇಮಿನ ಬೇರೆಯವರಿಗಿಂತ ಹೆಚ್ಚಿನ ತಪ್ಪಿತಸ್ಥರಲ್ಲ. ಬೋರ್ ಬತ್ತಿದ್ದಕ್ಕೆ ಮಳೆ ನೋಡಿ, ಸುತ್ತ ಎಷ್ಟು ಬೋರ್ ಕೊರೆದಿದ್ದಾರೆ ನೋಡಿ.

ಆದರೆ ನಿಜವಾಗಿ ಮೀರಿದ್ದರೆ? ಮಾಡುವುದು ಏನು ಎನ್ನುವುದು ಬೈಬಲ್‌ನಲ್ಲಿ ರೂಪಾಯಿ ಲೆಕ್ಕದಷ್ಟು ಸ್ಪಷ್ಟವಾಗಿದೆ. ಮೋಸದಿಂದ ತೆಗೆದುಕೊಂಡದ್ದನ್ನು ತಾನೇ ಒಪ್ಪಿಕೊಂಡವನು ಅಸಲು, ಅದರ ಮೇಲೆ ಐದರಲ್ಲಿ ಒಂದು ಪಾಲು ಕೊಡಬೇಕು (ಯಾಜಕಕಾಂಡ 6:5). 10,000 ನುಂಗಿದ್ದರೆ 12,000. ಕದ್ದ ಕುರಿಯನ್ನು ಕೊಯ್ದೋ ಮಾರಿಯೋ ಸಿಕ್ಕಿಬಿದ್ದವನು ಕೊಡಬೇಕಾದದ್ದು ನಾಲ್ಕು ಕುರಿ, ಎತ್ತಾದರೆ ಐದು (ವಿಮೋಚನಕಾಂಡ 22:1). ಯೇಸುವನ್ನು ಮನೆಗೆ ಕರೆದ ಸುಂಕದ ಅಧಿಕಾರಿ ಜಕ್ಕಾಯ ಯಾರ ಕೈಗೂ ಸಿಕ್ಕಿಬಿದ್ದಿರಲಿಲ್ಲ, ಆದರೂ ಕುರಿಗಳ್ಳನ ದರವನ್ನೇ ತನಗೆ ಹಾಕಿಕೊಂಡ: ನಾಲ್ಕರಷ್ಟು.

ಕ್ರಮವೂ ಮುಖ್ಯ. ಮೊದಲು ಹಣ ಯಾರದೋ ಅವರ ಕೈಗೆ, ಆಮೇಲೆ ಯಾಜಕನ ಬಳಿಗೆ ಪ್ರಾಯಶ್ಚಿತ್ತದ ಟಗರು. ನಮ್ಮಲ್ಲಿ ಎಡವಟ್ಟಾಗುವುದು ಇಲ್ಲೇ. ತಮ್ಮನ ಹೊಲದ ಬದುವನ್ನು ಎರಡು ಮೊಳ ಆಚೆ ಸರಿಸಿದವನು ಚರ್ಚಿನಲ್ಲಿ ಸಾಕ್ಷಿ ಹೇಳುವಾಗ ಮೈಕ್ ಹಿಡಿದು ಅಳುತ್ತಾನೆ, ಕಾಣಿಕೆ ಚೀಲಕ್ಕೆ ಐದು ಸಾವಿರ ಹಾಕುತ್ತಾನೆ, ಬದು ಮಾತ್ರ ಸರಿಸಿದ ಜಾಗದಲ್ಲೇ ಇರುತ್ತದೆ. ಇಲ್ಲವೇ ತಮ್ಮನ ಮನೆಗೆ ಹೋಗುತ್ತಾನೆ, ಆದರೆ ಜೊತೆಗೆ ನಾಲ್ಕು ಹಿರಿಯರು, ಬಾಯಲ್ಲಿ ‘ನಿಂದೂ ತಪ್ಪೈತಿ’ ಎಂಬ ಷರತ್ತು. ಒಬ್ಬರೇ ಹೋಗಿ. ಹಗ್ಗ ಹಿಡಿದು ಅಳೆದು, ತಮ್ಮನ ಎದುರಿಗೇ ಕಲ್ಲು ಕಿತ್ತು ಮೊದಲಿದ್ದಲ್ಲಿ ನೆಡಿ. ಅಷ್ಟು ವರ್ಷ ಆ ಎರಡು ಮೊಳದಲ್ಲಿ ತೆಗೆದ ಬೆಳೆಯ ಲೆಕ್ಕವನ್ನು ಅವನು ಕೇಳುವ ಮೊದಲು ನೀವೇ ತೆಗೆಯಿರಿ.

ಇಷ್ಟಾದ ಮೇಲೂ ಮೇಲಿನ ಪ್ರಶ್ನೆಗಳಿಗೆ ಉತ್ತರ ಬೇಕೇ ಬೇಕು ಅನ್ನುವವರಿದ್ದೀರಿ. ಸರಿ.

ತಮ್ಮನ ಜೊತೆ ಮಾತು ಬಿಟ್ಟಿದ್ದರೆ ಕಾಣಿಕೆಯನ್ನು ಅಲ್ಲೇ ಬಿಟ್ಟು ಎದ್ದು ಹೋಗಿ, ರಾಜಿಯಾಗಿ ಬನ್ನಿ (ಮತ್ತಾಯ 5:24). ದಶಮಾಂಶ ತಡವಾದರೆ ತಡ. ಪುದೀನ, ಜೀರಿಗೆಯ ಹತ್ತನೇ ಪಾಲನ್ನೂ ಎಣಿಸಿ ಕೊಟ್ಟವರನ್ನು ಯೇಸು ಬೈದದ್ದು ನ್ಯಾಯ ಬಿಟ್ಟದ್ದಕ್ಕೆ, ಹಾಗಾಗಿ ಆಳಿನ ಪಗಾರ ಬಾಕಿ ಇದ್ದರೆ ಮೊದಲು ಅದನ್ನು ಕೊಡಿ. ಔಷಧ: ಅಕ್ಟೋಬರ್ ಚಾಟ್ನಿ (ಬಳ್ಳಿ ಕತ್ತರಿಸುವುದು) ಮುಗಿದು ಎಳೆ ಚಿಗುರು, ಹೂಗೊನೆ ಇರುವಾಗ ಮಳೆಯಾಗಿ ಎಲೆ ರಾತ್ರಿಯೆಲ್ಲ ಒದ್ದೆ ಉಳಿದರೆ ಡೌನಿ ಬೂಜುರೋಗ ಸೋಮವಾರದವರೆಗೆ ಕಾಯುವುದಿಲ್ಲ. ಹೊಡೆಯಿರಿ. ಲೂಕ 14:5ರಲ್ಲಿ ಯೇಸು ಹೇಳಿದ ಎತ್ತು ಬಾವಿಗೆ ಬಿದ್ದದ್ದೂ ಕೆಲಸ ಮಾಡಬಾರದ ಸಬ್ಬತ್ತಿನ ದಿನವೇ, ಆದರೂ ಅದನ್ನು ಎತ್ತದೆ ಬಿಡುವವರಿಲ್ಲ. ಆದರೆ ವಾರವಿಡೀ ಮುಂದೂಡಿದ ಗೊಬ್ಬರದ ಕೆಲಸಕ್ಕೆ ಆ ಎತ್ತನ್ನು ಎಳೆದು ತರಬೇಡಿ.

ಪಂಚಮಿ ಉಂಡಿಯ ವಿಷಯಕ್ಕೆ 1 ಕೊರಿಂಥ 10:27 ಇದೆ. ಊಟಕ್ಕೆ ಕರೆದರೆ ಹೋಗಿ, ಬಡಿಸಿದ್ದನ್ನು ಏನೂ ಕೇಳದೆ ತಿನ್ನಿ ಎನ್ನುತ್ತಾನೆ ಆ ಪತ್ರ ಬರೆದ ಪೌಲ. ‘ಏನೂ ಕೇಳದೆ’ ಎನ್ನುವುದನ್ನು ಎರಡು ಸಲ ಓದಿ. ಮುಂದಿನ ವಚನದಲ್ಲಿ ಇನ್ನೊಂದು ಮಾತಿದೆ: ಇದು ನೈವೇದ್ಯ ಮಾಡಿದ್ದು ಎಂದು ಯಾರಾದರೂ ತಾವಾಗಿ ಹೇಳಿದರೆ ತಿನ್ನಬೇಡಿ, ಹೇಳಿದವರ ಮನಸ್ಸಾಕ್ಷಿಗಾಗಿ. ಆಗ ಡಬ್ಬಿ ವಾಪಸ್ ಕೊಡುವಾಗ ಮುಖ ಸಿಂಡರಿಸಬೇಡಿ. ‘ಮಕ್ಕಳು ಹೆಂಗದಾರ್ರಿ ಅಕ್ಕಾರ’ ಎಂದು ಕೇಳಿ, ಎರಡು ನಿಮಿಷ ಕಟ್ಟೆಯ ಮೇಲೆ ಕೂತು ಬನ್ನಿ.