ಪತಂಗದ ಬಲೆ, ಹದಿನಾಲ್ಕನೇ ವಾರ: ಮೂಲ ಸಿಕ್ತು

ಸಿಕ್ತು ಕಣ್ರೀ, ಮನೇಲಿ ಹಾರಾಡೋ ಧಾನ್ಯದ ಪತಂಗಗಳು ಎಲ್ಲಿಂದ ಬರ್ತಿದ್ವು ಅನ್ನೋದು! ಅದೂ ಅಡುಗೆಮನೇಲಲ್ಲ, ನಮ್ಮ ರೂಮಿನ ಬೀರುವಲ್ಲಿ, ರೇಷ್ಮೆ ಸೀರೆಗಳ ಹಿಂದೆ. ಈಗ ರಾತ್ರಿ ಹನ್ನೊಂದೂವರೆ, ಎರಡು ಸಲ ಸೋಪು ಹಾಕಿ ತೊಳೆದ್ರೂ ಕೈಯಿಂದ ಆ ಮುಗ್ಗಲು ವಾಸನೆ ಹೋಗಿಲ್ಲ, ಆದ್ರೂ ಬರೆದೇ ಮಲಗೋಣ ಅಂತ ಕೂತಿದ್ದೀನಿ.

ಡಬ್ಬಿ ಎಲ್ಲಾ ಖಾಲಿ ಮಾಡಿದ್ದು, ಶೆಲ್ಫ್ ಸಂದೀಗೆ ವ್ಯಾಕ್ಯೂಮ್ ಹಿಡಿದಿದ್ದು, ರವೆ ಮೈದಾ ಎಲ್ಲಾ ವಾರಗಟ್ಲೆ ಫ್ರೀಜರಲ್ಲಿ ಇಟ್ಟಿದ್ದು, ಅದ್ನೆಲ್ಲ ಮತ್ತೆ ಬರೆಯಲ್ಲ, ಈ ಕೆಲಸಕ್ಕೆ ಇಳಿದವ್ರೆಲ್ಲಾ ಮಾಡಿರೋದೇ. ಯುಗಾದಿ ಹೊತ್ತಿಗೆ ಮೂರು ಡೆಲ್ಟಾ ಬಲೆ (ತ್ರಿಕೋನದ ಗುಡಾರದ ಥರದ್ದು) ಕಟ್ಟಿದ್ದೆ, ಒಳಗೆ ಜಿಗುಟು ಹಾಳೆ, ಮಧ್ಯ ಪ್ಲೋಡಿಯಾ ಅನ್ನೋ ಅಡುಗೆಮನೆ ಪತಂಗನ ವಾಸನೆಯಿಂದ ಸೆಳೆಯೋ ಲ್ಯೂರ್. ಮೊದಲ ವಾರ 23 ಬಿತ್ತು, ಆಮೇಲೆ 9, ಆಮೇಲೆ 4, ಐದನೇ ವಾರಕ್ಕೆ ಸೊನ್ನೆ. ಬಾದಾಮಿ ಡಬ್ಬೀಲಿ ಗೂಡು ಸಿಕ್ಕಿತ್ತು, ತೆಗೆದು ಹಾಕಿದ್ದೆ, ಗೆದ್ದೆ ಅಂತಾನೇ ಅಂದ್ಕೊಂಡಿದ್ದೆ.

ಆದ್ರೆ ಸಂಜೆ ದೀಪ ಹಚ್ಚೋ ಹೊತ್ತಿಗೆ ಹಾಲಲ್ಲಿ ಪತಂಗ ಹಾರಾಡ್ತಾನೇ ಇದ್ವು. ದಿನಾ ಎರಡು, ಮೂರು. ಬಲೆ ಮಾತ್ರ ಖಾಲಿ. ಬಲೆಯಿಂದ ಒಂದು ಗೇಣು ದೂರದಲ್ಲಿ, ಗೋಡೆ ಮೇಲೆ ಆರಾಮಾಗಿ ಕೂತಿರೋದು, ಬಲೆ ಕಡೆ ತಿರುಗಿ ಕೂಡ ನೋಡ್ತಿರ್ಲಿಲ್ಲ. ಇಷ್ಟು ಸಿಟ್ಟು ನಂಗೆ ಯಾವ ಪ್ರಾಜೆಕ್ಟಲ್ಲೂ ಬಂದಿರ್ಲಿಲ್ಲ.

ಲ್ಯೂರ್ ಹಳೇದಾಗಿರ್ಬೇಕು ಅಂದ್ಕೊಂಡು ಹೊಸದು ತರಿಸ್ದೆ. ಇಲ್ಲಿ ಸಪ್ಲೈಯರ್ ಬಗ್ಗೆ ಹೇಳ್ಲೇಬೇಕು. ಆನ್‌ಲೈನಲ್ಲಿ ಒಬ್ರ ಹತ್ರ "ಅಡುಗೆಮನೆ ಪತಂಗಕ್ಕೆ" ಅಂತ ಆರ್ಡರ್ ಮಾಡಿದ್ರೆ ಬಂದಿದ್ದು ಬದನೆಕಾಯಿ ಕಾಯಿಕೊರಕದ ಲ್ಯೂರ್. ಫೋನ್ ಮಾಡಿದ್ರೆ "ಎಲ್ಲಾ ಒಂದೇ ಮೇಡಂ, ಪತಂಗ ತಾನೆ" ಅಂದ್ರು. ಒಂದಲ್ಲ ಸ್ವಾಮಿ! ಲ್ಯೂರ್ ಅಂದ್ರೆ ಬೀಗದ ಕೈ ಇದ್ದಂಗೆ, ಒಂದು ಜಾತಿಯ ಹೆಣ್ಣು ಬಿಡೋ ವಾಸನೆಗೆ ಆ ಜಾತಿ ಗಂಡು ಬರುತ್ತೆ, ಹೆಚ್ಚಂದ್ರೆ ಹತ್ತಿರದ ನೆಂಟರು ಬರ್ತಾರೆ. ಇನ್ನೊಬ್ರು ಸರಿಯಾದ್ದನ್ನೇ ಕಳಿಸಿದ್ರು, ಆದ್ರೆ ಪ್ಯಾಕೆಟ್ ಮೇಲೆ ತಯಾರಾದ ತಾರೀಕೇ ಇಲ್ಲ. ಎರಡು ಮೂರು ತಿಂಗಳಲ್ಲಿ ಶಕ್ತಿ ಕಳ್ಕೊಳ್ಳೋ ಸಾಮಾನಿಗೆ ತಾರೀಕು ಹಾಕ್ದೆ ಮಾರೋದು ಅನ್ಯಾಯ.

ಹೊಸ ಲ್ಯೂರ್ ಹಾಕಿದ್ರೂ ಸೊನ್ನೆ. ಹತ್ತನೇ ವಾರ ತಲೆಕೆಟ್ಟು ಒಂದು ಪತಂಗನ ಲೋಟದಲ್ಲಿ ಮುಚ್ಚಿ ಹಿಡಿದು, ಹತ್ತು ನಿಮಿಷ ಫ್ರಿಡ್ಜಲ್ಲಿಟ್ಟು, ಬಿಳೀ ಹಾಳೆ ಮೇಲೆ ಹಾಕಿ ಹತ್ತು ಪಟ್ಟು ಲೆನ್ಸಲ್ಲಿ ನೋಡ್ದೆ. ಪ್ಲೋಡಿಯಾ ನೋಡಿದವ್ರಿಗೆ ಗೊತ್ತು, ರೆಕ್ಕೆ ಬುಡದ ಕಡೆ ಮಾಸಲು ಬಿಳಿ, ಅಲ್ಲಿಂದಾಚೆ ತಾಮ್ರದ ಬಣ್ಣ, ಗೆರೆ ಎಳೆದಂಗೆ ಎರಡು ಭಾಗ. ಇದ್ರಲ್ಲಿ ಆ ಗೆರೆನೇ ಇಲ್ಲ. ಪೂರ್ತಿ ಒಂದೇ ಬೂದಿ ಕಂದು, ಅದರ ಮೇಲೆ ನಾರು ನಾರಾಗಿ ಸಣ್ಣ ಗೀರು, ಹಳೇ ಗೋಣಿಚೀಲದ ಬಣ್ಣ. ಮುಖದ ಮುಂದೆ ಉದ್ದಕ್ಕೆ ಚೂಪಾಗಿ ಮೂತಿ ಥರ ಚಾಚ್ಕೊಂಡಿತ್ತು.

ಅಕ್ಕಿ ಪತಂಗ! ಕೋರ್ಸೈರಾ ಸೆಫಲೋನಿಕಾ. ನಮ್ಮ ಕಡೆ ಅಕ್ಕಿ, ಜೋಳ, ಸಜ್ಜೆ, ಕಡ್ಲೆಬೀಜ ಇಲ್ಲೆಲ್ಲಾ ಇರೋದು ಇದೇ. ಇದರ ಕಥೆನೇ ಉಲ್ಟಾ, ಇದ್ರಲ್ಲಿ ಗಂಡು ತನ್ನ ರೆಕ್ಕೆಯ ಗ್ರಂಥಿಯಿಂದ ವಾಸನೆ ಬಿಡುತ್ತೆ, ಹೆಣ್ಣು ಹುಡುಕ್ಕೊಂಡು ಬರುತ್ತೆ. ನಾನು ಕಟ್ಟಿದ್ದು ಪ್ಲೋಡಿಯಾ ಹೆಣ್ಣಿನ ವಾಸನೆ. 1971ರಲ್ಲೇ ಆ ರಾಸಾಯನಿಕ ಯಾವ್ದು ಅಂತ ಕಂಡುಹಿಡಿದಿದ್ರು, ಇವತ್ತಿಗೂ ಅಂಗಡೀಲಿ ಸಿಗೋ ಅಡುಗೆಮನೆ ಪತಂಗದ ಬಲೇಲಿ ಸಾಮಾನ್ಯವಾಗಿ ಇರೋದು ಅದೇ. ಪ್ಲೋಡಿಯಾಗೆ ಬರುತ್ತೆ, ಹಿಟ್ಟಿನ ಗಿರಣಿ ಪತಂಗಕ್ಕೂ ಬರುತ್ತೆ, ಕೋರ್ಸೈರಾಗೆ ಕೆಲಸಕ್ಕೆ ಬರಲ್ಲ. ಅಂದ್ರೆ ಮನೇಲಿ ಎರಡು ಜಾತಿ ಇದ್ವು, ಬಾದಾಮೀದು ಒಂದು, ಇದು ಇನ್ನೊಂದು. ಬಲೆ ತನ್ನ ಪಾಲಿಂದು ಮುಗಿಸಿ ಸುಮ್ನಾಗಿತ್ತು, ಪಾಪ ಅದನ್ನ ಐದು ವಾರ ಬೈದಿದ್ದೀನಿ.

ಸರಿ, ವಾಸನೆ ಬಿಟ್ಟು ಬೆಳಕು ಹಿಡಿಯೋಣ ಅಂದ್ಕೊಂಡೆ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯದವ್ರು ಗೋದಾಮಿಗೆ ಅಂತ ಮಾಡಿರೋ ಅಲ್ಟ್ರಾವೈಲೆಟ್ ದೀಪದ ಬಲೆ ಇದ್ಯಲ್ಲ, ಆ ಯೋಚನೆನೇ. ಅಗಲದ ಸ್ಟೀಲ್ ಬೋಗುಣಿ, ಅರ್ಧ ನೀರು, ನಾಲ್ಕು ಹನಿ ಪಾತ್ರೆ ತೊಳೆಯೋ ಲಿಕ್ವಿಡ್ (ಇದಿಲ್ದಿದ್ರೆ ಪತಂಗ ನೀರ ಮೇಲೆ ಬಿದ್ದು ಮತ್ತೆ ಎದ್ದು ಹಾರುತ್ತೆ), ಮೇಲೆ ಒಂದು ಗೇಣೆತ್ತರಕ್ಕೆ ಯುವಿ ಎಲ್ಇಡಿ ಪಟ್ಟಿ. 365 ನ್ಯಾನೋಮೀಟರ್ (ಬೆಳಕಿನ ಅಲೆಯ ಉದ್ದ) ಅಂತ ಕೊಟ್ಟ ಪಟ್ಟಿ ಹಚ್ಚಿದ್ರೆ ರೂಮೆಲ್ಲಾ ಮದುವೆ ಮಂಟಪದ ಥರ ನೇರಳೆ! ಅದು 395ರದ್ದು, 365 ಆಗಿದ್ರೆ ಕಣ್ಣಿಗೆ ಅಷ್ಟು ಕಾಣ್ಬಾರ್ದು. ವಾಪಸ್ ತಗೊಳ್ಳಲ್ಲ ಅಂದ್ರು. ಇರ್ಲಿ, ಅದ್ರಲ್ಲೇ ಕೆಲಸ ಆಯ್ತು.

ಒಂದೊಂದು ರೂಮಲ್ಲಿ ಮೂರು ಮೂರು ರಾತ್ರಿ ಇಟ್ಟೆ. ಬಾಗಿಲು ಹಾಕಿ, ಕೆಳಗಿನ ಸಂದಿಗೆ ಟವೆಲ್ ತುರುಕಿ, ಸಂಜೆ ಏಳೂವರೆಯಿಂದ ಬೆಳಿಗ್ಗೆ ಐದರವರೆಗೆ, ಬೇರೆ ಲೈಟ್ ಯಾವ್ದೂ ಇಲ್ದೆ. ಅಡುಗೆಮನೇಲಿ 2. ದೇವರ ಮನೇಲಿ 1. ಹಾಲಲ್ಲಿ 5. ನಮ್ಮ ರೂಮಲ್ಲಿ 17. ಆ ಮೂರು ರಾತ್ರಿ ನಮ್ಮನೆಯವ್ರೂ ನಾನೂ ಹಾಲಲ್ಲಿ ಚಾಪೆ ಹಾಸಿ ಮಲಗಿದ್ವಿ, ಅವ್ರು ಒಂದು ಮಾತೂ ಆಡ್ಲಿಲ್ಲ, ಅದಕ್ಕೆ ಇಲ್ಲೇ ಥ್ಯಾಂಕ್ಸ್ ಹೇಳ್ತೀನಿ.

ಹದಿನೇಳನ್ನೂ ಚಿಮಟದಲ್ಲಿ ಎತ್ತಿ ಟಿಶ್ಯೂ ಮೇಲೆ ಸಾಲಾಗಿಟ್ಟೆ. ಉದ್ದ ಚೂಪು ಮೂತಿ ಇದ್ರೆ ಹೆಣ್ಣು, ಮೊಂಡಾಗಿದ್ರೆ ಗಂಡು, ಈ ಜಾತೀಲಿ ಅದೊಂದು ಅನುಕೂಲ. ಹತ್ತು ಹೆಣ್ಣು! ಮೊದಲು ಕಟ್ಟಿದ್ದ ಫೆರಮೋನ್ (ಹೆಣ್ಣಿನ ವಾಸನೆ) ಬಲೇಲಿ ಬರೀ ಗಂಡು ಬೀಳೋದು, ಒಂದು ಗಂಡು ತಪ್ಪಿಸ್ಕೊಂಡ್ರೂ ಹಲವು ಹೆಣ್ಣಿಗೆ ಸಾಕು. ಇಲ್ಲಿ ಮೊಟ್ಟೆ ಇಡೋವೇ ಬಿದ್ದಿದ್ವು.

ಆದ್ರೆ ಮಲಗೋ ರೂಮಲ್ಲಿ ಅಕ್ಕಿ ಎಲ್ಲಿಂದ ಬರ್ಬೇಕು? ಎರಡು ದಿನ ಮಂಚದ ಬಾಕ್ಸು, ದಿಂಬು, ಮಗಳ ಸ್ಕೂಲ್ ಬ್ಯಾಗು, ಎಲ್ಲಾ ಕೆದಕಿದ್ದಾಯ್ತು. ಇವತ್ತು ಸಂಜೆ ಅತ್ತೆ ಹುರುಳಿಕಾಯಿ ಬಿಡಿಸ್ತಾ ಕೂತಿದ್ದವ್ರು ಹಂಗೇ ಕೇಳಿದ್ರು, "ಹೋದ ಗೌರಿ ಹಬ್ಬಕ್ಕೆ ನಿಮ್ಮಮ್ಮ ತುಂಬಿದ ಮಡಿಲಕ್ಕಿ ಏನ್ ಮಾಡ್ದೆ ಕಣೇ? ಅನ್ನ ಮಾಡಿದ್ದು ನಂಗೆ ನೆನಪಿಲ್ಲ."

ಎದೆ ಧಸಕ್ ಅಂತು. ಹಾಸನದಿಂದ ಬಂದ ರಾತ್ರಿ, ಸೀರೆ ಜೊತೆ ಹಂಗೇ ಬೀರುವಲ್ಲಿ ಇಟ್ಟಿದ್ದು, ಮಾರನೇ ದಿನದಿಂದ ಆಫೀಸು, ಮರೆತೇ ಹೋಗಿತ್ತು.

ಹಸಿರು ಬ್ಲೌಸ್ ಪೀಸಿನ ಗಂಟು. ಮುಟ್ಟಿದ್ರೆ ಅಕ್ಕಿ ಜಾರೋ ಸದ್ದೇ ಇಲ್ಲ, ಬೆಲ್ಲದ ಅಚ್ಚಿನ ಥರ ಗಟ್ಟಿ. ಟೆರೇಸಿಗೆ ಒಯ್ದು ಪೇಪರ್ ಮೇಲೆ ಬಿಚ್ಚಿದೆ. ಅಕ್ಕಿ ಒಂದೊಂದು ಕಾಳೂ ರೇಷ್ಮೆ ಎಳೇಲಿ ಹೊಲಿದು ಕೊಳವೆ ಕೊಳವೆ ಆಗಿತ್ತು, ಎಳೆದ್ರೆ ಹತ್ತಿಪ್ಪತ್ತು ಕಾಳು ಮಾಲೆ ಥರ ಒಟ್ಟಿಗೇ ಎದ್ದು ಬರೋದು. ಒಳಗೆ ಕೆನೆ ಬಣ್ಣದ ಹುಳ, ತಲೆ ಮಾತ್ರ ಕಂದು. ಕೊಬ್ಬರಿ ಗಿಟುಕಿನ ಒಳಗೂ ಅದೇ ರೇಷ್ಮೆ ಎಳೆ, ಹಿಕ್ಕೆ. ಅರಿಶಿನದ ಕೊಂಬು, ಅಡಿಕೆ ಎರಡೂ ಚೆನ್ನಾಗೇ ಇದ್ವು. ಬಟ್ಟೆ ಮಡಿಕೇಲಿ ಬಿಳೀ ಗೂಡು ಎಣಿಸ್ದೆ, 31.

ಅಮ್ಮ ಕೈಯಾರೆ ತುಂಬಿದ ಅಕ್ಕಿ ಅದು, ಕಣ್ಣಲ್ಲಿ ನೀರು ಬಂತು, ಸುಳ್ಳು ಹೇಳಲ್ಲ. ಫೋನ್ ಮಾಡಿ ಹೇಳ್ದೆ. "ಅಯ್ಯೋ ಅದಕ್ಯಾಕೆ ಅಳ್ತೀಯ, ಗೌರಿ ಹಬ್ಬ ಇನ್ನೆಷ್ಟು ದೂರ ಇದೆ, ಬಾ, ಮತ್ತೆ ತುಂಬ್ತೀನಿ" ಅಂದ್ರು. ಗಂಟು ಪೂರ್ತಿ ಕವರಲ್ಲಿ ಕಟ್ಟಿ ಫ್ರೀಜರಿಗೆ ಹಾಕಿದ್ದೀನಿ, ಒಂದು ವಾರ ಆದ್ಮೇಲೆ ಅಕ್ಕಿ ಕಾಂಪೋಸ್ಟಿಗೆ, ಬ್ಲೌಸ್ ಪೀಸ್ ಬಿಸಿನೀರಲ್ಲಿ ಒಗೆದು ಇಟ್ಕೊಳ್ತೀನಿ.

ಮುಂದಿನ ಪ್ರಾಜೆಕ್ಟ್ ತಲೇಲಿ ಶುರುವಾಗ್ಬಿಟ್ಟಿದೆ. ಇದೇ ಕೋರ್ಸೈರಾನ ಬೆಂಗಳೂರಿನ ಜೈವಿಕ ನಿಯಂತ್ರಣ ಲ್ಯಾಬುಗಳಲ್ಲಿ ಟ್ರೇಗಟ್ಲೆ ಜೋಳದ ನುಚ್ಚು ಹಾಕಿ ಸಾಕ್ತಾರೆ, ಗೊತ್ತಾ? ಅದರ ಮೊಟ್ಟೆಗೆ ಯುವಿ ಕೊಟ್ಟು ಹುಳ ಹೊರಡದಂಗೆ ಮಾಡಿ, ಕಾರ್ಡಿಗೆ ಅಂಟಿಸಿ, ಟ್ರೈಕೋಗ್ರಾಮಾ ಅನ್ನೋ ಚುಕ್ಕೆಯಷ್ಟು ಕಣಜಕ್ಕೆ ಅದರೊಳಗೆ ಮೊಟ್ಟೆ ಇಡೋಕೆ ಬಿಡ್ತಾರೆ, ಅದರಿಂದ ಹುಟ್ಟೋ ಕಣಜ ಹೋಗಿ ಬೇರೆ ಪತಂಗದ ಮೊಟ್ಟೆಗಳನ್ನೂ ಹಂಗೇ ಹಾಳು ಮಾಡುತ್ತೆ. ಕಬ್ಬಿನ ಕೊರಕಕ್ಕೆ ರೈತರು ಗದ್ದೇಲಿ ಕಟ್ಟೋ ಟ್ರೈಕೋ ಕಾರ್ಡ್ ಅದೇ. ಜರ್ಮನೀಲಿ ಅಂಥ ಕಾರ್ಡನ್ನ ಅಡುಗೆಮನೆ ಶೆಲ್ಫಿಗೇ ಮಾರ್ತಾರೆ. ಅರ್ಧ ಕಾರ್ಡ್ ತಂದು ಬೀರುವಲ್ಲಿ ಇಟ್ಟು ನೋಡ್ಬೇಕು, ಸೀರೆ ಮಧ್ಯ ಕಣಜ ಅಂದ್ರೆ ಅತ್ತೆ ಏನಂತಾರೋ, ಮೊದ್ಲು ಲೆನ್ಸಲ್ಲಿ ತೋರಿಸಿ ಒಪ್ಪಿಸ್ತೀನಿ. ಕಾರ್ಡ್ ಬಿಡಿಯಾಗಿ ಕೊಡೋರು ಯಾರಾದ್ರೂ ಗೊತ್ತಿದ್ರೆ ಹೇಳಿ, ನಾನು ವಿಚಾರಿಸಿದ ಕಡೆಯೆಲ್ಲಾ ಎಕರೆ ಲೆಕ್ಕದಲ್ಲೇ ಮಾತಾಡ್ತಾರೆ.

ಮೊಟ್ಟೆಯಿಂದ ಪತಂಗ ಆಗೋಕೆ ಸುಮಾರು ಒಂದೂವರೆ ತಿಂಗಳು, ಅದಕ್ಕೆ ಬೋಗುಣಿ ಇನ್ನು ಮೂರು ತಿಂಗಳು ನಮ್ಮ ರೂಮಲ್ಲೇ ಇರುತ್ತೆ. ಈಗ ಎದ್ದು ನೋಡ್ಬಂದೆ, ಒಂದು ಬಿದ್ದಿದೆ. ಮೊಂಡು ಮೂತಿ, ಗಂಡು. ಬೀರುವಿನ ಮೇಲೆ ಹಳೇ ಟ್ರಂಕು ಒಂದಿದೆ, ಅದನ್ನ ಇನ್ನೂ ತೆಗೆದಿಲ್ಲ, ಭಾನುವಾರ ಇಳಿಸ್ತೀನಿ.