ಶೇಟ್‌ರ ಚಾರ್ಟ್ ಮತ್ತು ನಾಲ್ಕನೇ ಮರಿ

ನಮ್ಮದು ಸಾಕು ಹಕ್ಕಿ, ಮೀನು ಮಾರುವ ಅಂಗಡಿ. ಅಲ್ಲಿ ಹಕ್ಕಿಮರಿಗಳಿಗೆ ಕೈಯಿಂದ ಫೀಡ್ ಹಾಕೋಕೆ ಒಂದು ಚಾರ್ಟ್ ಇದೆ. ಲ್ಯಾಮಿನೇಟ್ ಮಾಡಿಸಿದ್ದು. ಎಷ್ಟನೇ ವಾರಕ್ಕೆ ಎಷ್ಟು ಎಂಎಲ್, ಎಷ್ಟು ಗಂಟೆಗೊಮ್ಮೆ, ಬ್ರೂಡರ್ (ಮರಿಗಳನ್ನು ಬೆಚ್ಚಗಿಡುವ ಟಬ್) ಎಷ್ಟು ಡಿಗ್ರಿ, ಎಲ್ಲ ಅದರಲ್ಲಿದೆ. ಲವ್‌ಬರ್ಡ್ ಅನ್ನೋ ಪುಟ್ಟ ಗಿಳಿಯ ಮರಿಗಳ ಲಾಟ್ ಮನೆಗೆ ಒಯ್ಯುವವರ ಮೊಬೈಲಿನಲ್ಲಿ ಅದರ ಫೋಟೋ ಇರಲೇಬೇಕು, ಇಲ್ಲದಿದ್ದರೆ ಅಂಗಡಿ ಮಾಲೀಕ ಶೇಟ್ ಬೈತಾರೆ. ಚಾರ್ಟ್ ಪೂರ್ತಿ ತಪ್ಪಾಗಿದ್ದರೆ ಯಾವತ್ತೋ ಹರಿದು ಎಸೀತಿದ್ದೆವು. ಮುಕ್ಕಾಲು ಪಾಲು ಸರಿ ಇದೆ, ತೊಂದರೆ ಇರೋದೇ ಅಲ್ಲಿ.

ನಾನಿರೋದು ಪುಣೆಯ ಧನಕವಡಿಯಲ್ಲಿ, ವನ್ ಆರ್‌ಕೆ ಮನೆ. ಅಂಗಡಿ ರಾತ್ರಿ ಒಂಬತ್ತೂವರೆಗೆ ಬಾಗಿಲು ಹಾಕುತ್ತೆ. ಪುಲ್ ಮಾಡಿದ, ಅಂದರೆ ಗೂಡಿನಿಂದ ಎತ್ತಿಕೊಂಡ ಮರಿಗಳಿಗೆ ಹತ್ತು ಗಂಟೆಗೆ ಫೀಡ್ ಇರುತ್ತೆ, ಬೆಳಿಗ್ಗೆ ಆರಕ್ಕೆ ಮತ್ತೆ. ಹಾಗಾಗಿ ಮರಿಗಳು ನಮ್ಮ ಜೊತೆ ಮನೆಗೆ ಬರುತ್ತವೆ. ಲಾಟ್ ಮನೆಯಲ್ಲಿರುವಷ್ಟು ದಿನ ನನಗೆ ಕೌಂಟರ್ ಡ್ಯೂಟಿ ಅರ್ಧವೇ. ವೀನಿಂಗ್ ಮುಗಿದು ಮರಿ ತಾನೇ ತಿನ್ನೋಕೆ ಕಲಿತ ಮೇಲೆ ಮರಿಗಿಷ್ಟು ಅಂತ ದುಡ್ಡು. ಸತ್ತ ಮರಿಗೆ ಸೊನ್ನೆ. ಮನೆಯಲ್ಲಿ ದೋಸೆಗೆ ಕಬ್ಬಿಣದ ಹೆಂಚು ಮಾತ್ರ ಉಳಿದುಕೊಂಡಿದೆ. ನಾನ್‌ಸ್ಟಿಕ್ ಹೆಂಚು ಜಾಸ್ತಿ ಕಾದು ಹೊಗೆ ಬಿಟ್ಟರೆ ಹಕ್ಕಿಗಳು ನಿಮಿಷಗಳಲ್ಲಿ ಸಾಯ್ತವೆ. ಅಡುಗೆ, ನಿದ್ದೆ, ಬ್ರೂಡರ್ ಎಲ್ಲ ಒಂದೇ ಗೋಡೆಯೊಳಗೆ ಇರುವ ಮನೆ ನಮ್ಮದು. ಅವ್ವ ಹೊಸ ತವಾ ತಂದಾಗ ನಾನು ವಾಪಸ್ ಕೊಡಿಸಿದೆ, ಆ ಸಿಟ್ಟು ಅವಳಿಗೆ ಇನ್ನೂ ಇದೆ.

ಒಂದು ಸಲ ಬಂದಿದ್ದು ಪೀಚ್‌ಫೇಸ್ ಅನ್ನೋ ಲವ್‌ಬರ್ಡ್ ಜಾತಿಯ ಲಾಟ್, ನಾಲ್ಕು ಮರಿ. ಶೇಟ್ ಈಗ ಪೀಚ್‌ಫೇಸ್ ಬಿಟ್ಟು ಬೇರೆ ಲವ್‌ಬರ್ಡ್ ಹಿಡಿಯಲ್ಲ. ಫಿಶರ್ ಅನ್ನೋ ಜಾತಿ ಸೈಟ್ಸ್ (ವನ್ಯಜೀವಿ ವ್ಯಾಪಾರದ ಅಂತಾರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿದೆ, ಪೀಚ್‌ಫೇಸ್ ಇಲ್ಲ, ಕಾಗದದ ತಲೆನೋವು ಯಾಕೆ ಅಂತಾರೆ. ಆ ವಿಷಯದಲ್ಲಿ ಮನುಷ್ಯ ನೀಟು. ಊರಿನ ಗಿಳಿಮರಿ ಕೇಳಿಕೊಂಡು ಬಂದವರನ್ನು ಬಾಗಿಲಲ್ಲೇ ಕಳಿಸ್ತಾರೆ.

ಲವ್‌ಬರ್ಡ್ ದಿನ ಬಿಟ್ಟು ದಿನ ಮೊಟ್ಟೆ ಇಡುತ್ತೆ. ಮರಿಗಳೂ ಹಾಗೇ ಒಂದೊಂದಾಗಿ ಒಡೆದು ಬರ್ತವೆ. ನಾಲ್ಕು ಮರಿ ಅಂದರೆ ಮೊದಲನೇದಕ್ಕೂ ಕೊನೇದಕ್ಕೂ ಸುಮಾರು ಒಂದು ವಾರದ ಅಂತರ. ಮೊದಲನೇದು 38 ಗ್ರಾಂ ಇತ್ತು, ಪಿನ್ ಫೆದರ್ (ಮೊಳೆಯುವ ಗರಿ) ಚೆನ್ನಾಗಿ ಬಂದಿದ್ದವು. ನಾಲ್ಕನೇದು 24 ಗ್ರಾಂ, ಬೆನ್ನು ಇನ್ನೂ ಬೋಳು. ಶೇಟ್‌ರ ಚಾರ್ಟಿನಲ್ಲಿ ಮಾತ್ರ ಲಾಟಿಗೆ ಒಂದೇ ವಯಸ್ಸು, ಮೊದಲ ಮರಿಯದು. ಪ್ರತಿಯೊಂದಕ್ಕೂ 4 ಎಂಎಲ್, ಬ್ರೂಡರ್ 30. ತೂಕದ ಹತ್ತನೇ ಒಂದು ಭಾಗ ಅಂತ ಲೆಕ್ಕ ಹಿಡಿದರೆ ಕೊನೇದಕ್ಕೆ ಎರಡೂವರೆ ಎಂಎಲ್ ಸಾಕು. ಈ ಲೆಕ್ಕ ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಂಗಡಿಯವರ ಮೊಬೈಲ್ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ತೂಕದ ಫೋಟೋ ಹಾಕಬೇಕು, ತೂಕ ಏರದಿದ್ದರೆ 'ಚಾರ್ಟ್ ಫಾಲೋ ಮಾಡ್ತಿದ್ದೀರಾ?' ಅಂತ ಎಲ್ಲರೆದುರು ಪ್ರಶ್ನೆ.

ಡಿಸೆಂಬರ್. ಅದರಲ್ಲೂ ಗುರುವಾರ. ಪುಣೆಯಲ್ಲಿದ್ದವರಿಗೆ ಗುರುವಾರ ಅಂದರೆ ಸಾಕು, ಒಂದೋ ಕರೆಂಟ್ ಇಲ್ಲ, ಇಲ್ಲವೋ ನೀರಿಲ್ಲ. ಅಂಗಡಿಯ ಮೀನಿನ ಟ್ಯಾಂಕುಗಳಿಗೆ ಇನ್ವರ್ಟರ್ ಇದೆ. ನಮ್ಮ ಮನೆಯ ಬ್ರೂಡರಿಗೆ ಬಿಸಿನೀರಿನ ಬಾಟಲಿ, ಅದಕ್ಕೆ ಸುತ್ತಿದ ಹಳೇ ಟವೆಲ್. ಹಗಲಿಡೀ ಬಾಟಲಿ ಬದಲಾಯಿಸುತ್ತಾ ಕಳೆದೆ. ಸಂಜೆ ಕರೆಂಟ್ ಬಂತು. ಬಲ್ಬ್ ಹಾಕಿದೆ. ಟಬ್ಬಿನ ಬಿಸಿ ಅಳೆದು ಥರ್ಮೋಸ್ಟ್ಯಾಟಿಗೆ ತಿಳಿಸುವ ಪ್ರೋಬ್‌ನ ಟೇಪ್ ಬಾಟಲಿಯ ಹಬೆಗೆ ಕಿತ್ತು ಬಂದಿತ್ತು. ಟೇಪ್ ಹುಡುಕುವ ಬದಲು ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ಟಬ್ಬಿನ ಅಂಚಿಗೆ ಸಿಕ್ಕಿಸಿದೆ. ಐದೇ ನಿಮಿಷದಲ್ಲಿ ಡಿಸ್‌ಪ್ಲೇ 31 ತೋರಿಸಿತು. ಅಷ್ಟು ಬೇಗ ಏರಿದ್ದು ನೋಡಿ ಖುಷಿಪಟ್ಟೆ.

ಆರು ಗಂಟೆ ಫೀಡ್. ಫಾರ್ಮುಲಾ, ಅಂದರೆ ಮರಿಗಳಿಗೆ ಕಲಸಿದ ಆಹಾರ, 40 ಡಿಗ್ರಿಗೆ ತಂದು, ಬಟ್ಟಲನ್ನು ಬಿಸಿನೀರಿನಲ್ಲಿಟ್ಟು ಕೂತೆ. ಮೂರು ಮರಿಗಳ ಕ್ರಾಪ್ (ಕುತ್ತಿಗೆ ಬುಡದ ಆಹಾರದ ಚೀಲ) ಹೆಚ್ಚೂಕಮ್ಮಿ ಚಪ್ಪಟೆ. ನಾಲ್ಕನೇದರದ್ದು ಅರ್ಧ ತುಂಬಿತ್ತು. ಆ ವಯಸ್ಸಿಗೆ ಅಲ್ಲಿನ ಚರ್ಮ ಎಷ್ಟು ತೆಳು ಅಂದರೆ ಒಳಗಿನ ಫಾರ್ಮುಲಾದ ಬಣ್ಣ ಹೊರಗಿಂದಲೇ ಕಾಣುತ್ತೆ, ಮೇಲೆ ಕೆಂಪು ನರಗಳು. ಮಧ್ಯಾಹ್ನದ ಫೀಡ್ ಅಲ್ಲೇ ಕೂತಿದೆ ಅನ್ನೋದು ಕಣ್ಣೆದುರೇ ಇತ್ತು. ಆದರೆ ಮರಿ ಸುಮ್ನೆ ಇರಬೇಕಲ್ಲ? ಸಿರಿಂಜ್ ಕಂಡದ್ದೇ ತಲೆ ಮೇಲೆ ಕೆಳಗೆ ಆಡಿಸಿ ಎಲ್ಲರಿಗಿಂತ ಜೋರಾಗಿ ಕಿರುಚಿತು. ಹಸಿವಿಲ್ಲದಿದ್ದರೆ ಇಷ್ಟು ಯಾಕೆ ಕೇಳುತ್ತೆ ಅಂದುಕೊಂಡೆ. ಕೊಕ್ಕಿನ ಎಡಗಡೆಯಿಂದ ಬಲಕ್ಕೆ ಸಿರಿಂಜ್ ಇಟ್ಟೆ, 4 ಎಂಎಲ್ ಗಟಗಟ ಇಳಿಯಿತು. ಚಳಿಯಾದ ಮರಿಯೂ ಹಾಗೇ ಕಿರುಚುತ್ತೆ ಅನ್ನೋದು ತಲೆಗೆ ಹೊಳೆಯಲೇ ಇಲ್ಲ.

ಹತ್ತು ಗಂಟೆಗೆ ಮುಚ್ಚಳ ತೆಗೆದರೆ ನಾಲ್ಕೂ ಒಂದರ ಮೇಲೊಂದು ಮೂಲೆಯಲ್ಲಿ. ಯಾವುದೂ ಬಾಯಿ ಬಿಡಲಿಲ್ಲ. ನಾಲ್ಕನೇದರ ಕ್ರಾಪ್ ಕುತ್ತಿಗೆಯವರೆಗೆ ಉಬ್ಬಿತ್ತು. ಬೆರಳಿಟ್ಟರೆ ಚಪಾತಿ ಹಿಟ್ಟಿನ ಹಾಗೆ, ಒತ್ತಿದ ಗುರುತು ಹಾಗೇ ಉಳಿಯಿತು. ಗ್ರೂಪಿಗೆ ಫೋಟೋ ಹಾಕಿದೆ. ಅದು ಇನ್ನೊಂದು ತಪ್ಪು. ಒಬ್ಬರು ಜೀರಿಗೆ ನೀರು ಅಂದರು, ಒಬ್ಬರು ಪಪ್ಪಾಯಿ ರಸ, ಒಬ್ಬರು ವಿನೆಗರ್. ಇನ್ನೊಬ್ಬ ಮಹಾಶಯ ಮರಿಯನ್ನು ತಲೆಕೆಳಗೆ ಹಿಡಿದು ಒತ್ತಿ ತೆಗೆಯಿರಿ ಅಂದ. ಹಾಗೆ ಮಾಡಿದರೆ ಒಳಗಿದ್ದದ್ದು ಶ್ವಾಸಕ್ಕೆ ಹೋಗಿ ಮರಿ ಕೈಯಲ್ಲೇ ಹೋಗುತ್ತೆ. ಶೇಟ್ ಬರೆದದ್ದು ಒಂದೇ ಸಾಲು: 'ಹತ್ತರ ಫೀಡ್ ಆಯ್ತಾ?'

ಅಂಗಡಿಯಲ್ಲಿ ಇಂಡಿ ತಾಲೂಕಿನ ಹುಡುಗನೊಬ್ಬ ಇದ್ದಾನೆ. ಫೋನ್ ಮಾಡಿದೆ. ಅವನು ಕ್ರಾಪ್ ಬಗ್ಗೆ ಕೇಳಲೇ ಇಲ್ಲ. 'ಕಾಲು ಮುಟ್ಟಿ ನೋಡ್ರಿ, ತಣ್ಣಗ ಅದಾವೇನು?' ಅಂದ. ಮುಟ್ಟಿದೆ. ತಣ್ಣಗಿದ್ದವು. 'ಡಿಸ್‌ಪ್ಲೇ 31 ಇದೆಯಲ್ಲೋ' ಅಂದೆ. 'ಡಿಸ್‌ಪ್ಲೇ ಮರಿ ಅಲ್ರಿ' ಅಂದ. ಫಾರ್ಮುಲಾ ನೋಡುವ ಥರ್ಮಾಮೀಟರನ್ನು ಮರಿಗಳ ಮಧ್ಯೆ, ಟಿಶ್ಯೂ ಮೇಲೆ ಮಲಗಿಸಿದೆ. ಅಂಕಿ ಇಳಿಯುತ್ತಾ ಹೋಯಿತು. 28. 27. ಇಲ್ಲೇ ನಿಲ್ಲುತ್ತೆ ಅಂದುಕೊಂಡೆ, ನಿಲ್ಲಲಿಲ್ಲ. 25ಕ್ಕೆ ಬಂದು ನಿಂತಿತು. ಕ್ಲಿಪ್ ಹಾಕಿದ ಪ್ರೋಬ್ ಬಲ್ಬಿನ ಪಕ್ಕಕ್ಕೇ ನೇತಾಡುತ್ತಿತ್ತು. ಬಲ್ಬಿನ ಪಕ್ಕ 31 ಆದ ಕೂಡಲೇ ಥರ್ಮೋಸ್ಟ್ಯಾಟ್ ಬಲ್ಬ್ ಆರಿಸುತ್ತಿತ್ತು, ಕೆಳಗೆ ಮರಿಗಳು ನಡುಗುತ್ತಿದ್ದವು. ಮೈ ತಣ್ಣಗಾದರೆ ಕ್ರಾಪ್ ನಿಧಾನ ಆಗುತ್ತೆ, ನಿಂತೂ ಹೋಗುತ್ತೆ. ಬೋಳು ಬೆನ್ನಿನ ಮರಿಗೆ ಎಲ್ಲಕ್ಕಿಂತ ಮೊದಲು.

ಪ್ರೋಬ್ ಕೆಳಗಿಳಿಸಿ ಮರಿಗಳ ಮಟ್ಟಕ್ಕೆ ಟೇಪ್ ಹಾಕಿದೆ. ಟಬ್ ಬಿಸಿಯಾಗುವ ತನಕ ನಾಲ್ಕನೇದನ್ನು ಸ್ವೆಟರ್ ಒಳಗೆ ಅಂಗೈಯಲ್ಲಿ ಹಿಡಿದು ಕೂತೆ. ಫೀಡ್ ಹಾಕಲಿಲ್ಲ. ಕಾಲು ಬೆಚ್ಚಗಾದ ಮೇಲೆ ಬೆಚ್ಚಗಿನ ನೀರು ಕೆಲವೇ ಹನಿ, ಬೆರಳತುದಿಯಿಂದ ಮೆಲ್ಲಗೆ ಉಜ್ಜುವುದು. ಉಳಿದ ಮೂರರ ಕ್ರಾಪ್ ಬೆಳಗಿನ ಹೊತ್ತಿಗೆ ಖಾಲಿಯಾಗಿತ್ತು. ಇದರದ್ದು ಆಗಲಿಲ್ಲ. ಬಾಯಿಂದ ಹುಳಿ ವಾಸನೆ ಬರ್ತಿತ್ತು.

ಹಕ್ಕಿ ನೋಡುವ ಡಾಕ್ಟರು ನಮ್ಮ ಕಡೆ ಇಲ್ಲ, ನದಿ ದಾಟಿ ಹೋಗಬೇಕು. ರಿಕ್ಷಾದಲ್ಲಿ ಡಬ್ಬಿ ಹಿಡಿದು ಹೋದೆ. ಅವರು ಸಣ್ಣ ಟ್ಯೂಬ್ ಇಳಿಸಿ ಕ್ರಾಪ್ ತೊಳೆದರು, ಬಂದದ್ದನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದರು. ಯೀಸ್ಟ್ ಬೆಳೆದಿತ್ತು. ಔಷಧಿ ಕೊಟ್ಟು, ತೆಳ್ಳಗೆ, ಸ್ವಲ್ಪ ಸ್ವಲ್ಪವೇ ಹಾಕಿ ಅಂದರು. ಎಷ್ಟು ಹಾಕ್ತಿದ್ದಿರಿ ಅಂತ ಕೇಳಿದಾಗ ಮೊಬೈಲಿನಲ್ಲಿದ್ದ ಚಾರ್ಟ್ ತೋರಿಸಿದೆ. ನೋಡಿ, 'ಇದಕ್ಕೆ ಮರಿ ತೋರಿಸಿದ್ರಾ?' ಅಂದರು. ನಗಬೇಕೋ ಬೇಡವೋ ತಿಳಿಯಲಿಲ್ಲ.

ಮರಿ ಉಳಿಯಿತು. ತೂಕ 22 ಗ್ರಾಂಗೆ ಇಳಿದು, ಅಲ್ಲೇ ನಿಂತು, ಆಮೇಲೆ ಏರಿತು. ಉಳಿದವು ರಾಗಿ, ನವಣೆ ಕುಟುಕುತ್ತಾ ಸಿರಿಂಜ್ ಬಿಟ್ಟ ಮೇಲೂ ಇದು ಬಹಳ ದಿನ ಸಿರಿಂಜ್ ಕೇಳ್ತಿತ್ತು. ಬೆಳೆದದ್ದೂ ಸ್ವಲ್ಪ ಸಣ್ಣದಾಗಿಯೇ. ಸೈಜ್ ಕಮ್ಮಿ ಅಂತ ಶೇಟ್ ಗಿರಾಕಿಗೆ ರಿಯಾಯಿತಿ ಕೊಟ್ಟು, ಆ ರಿಯಾಯಿತಿಯನ್ನು ನನ್ನ ಲೆಕ್ಕದಲ್ಲಿ ಹಿಡಿದರು. ಡಾಕ್ಟರ ಬಿಲ್ ಅರ್ಧರ್ಧ. ಕ್ಲಿಪ್ ಹಾಕಿದ್ದು ನಾನು, ಅದಕ್ಕೆ ಅರ್ಧ ಒಪ್ಪಿದೆ. ರಿಯಾಯಿತಿ ಮಾತ್ರ ಇನ್ನೂ ಒಪ್ಪಿಲ್ಲ.

ಚಾರ್ಟ್ ಗೋಡೆ ಮೇಲೇ ಇದೆ. ಫೀಡ್‌ಗೆ ಮುಂಚೆ ಕ್ರಾಪ್ ಖಾಲಿ ಇದೆಯೋ ಇಲ್ಲವೋ ಅಂತ ಬರೆಯೋಕೆ ಗ್ರೂಪಿನ ಶೀಟಿನಲ್ಲಿ ಒಂದು ಕಾಲಂ ಸೇರಿಸಿದ್ದೆ, ಶೇಟ್ ಅಳಿಸಿದರು. ಅಗಲ ಜಾಸ್ತಿ ಆಯ್ತಂತೆ, ಮೊಬೈಲಿನಲ್ಲಿ ಕಾಣಲ್ವಂತೆ. ಬ್ರೂಡರಿನ ನೆಲಕ್ಕೆ ಇಡೋಕೆ ಬೇರೆ ಥರ್ಮಾಮೀಟರ್ ಬೇಕು ಅಂತ ಮರಿ ಮನೆಗೆ ಒಯ್ಯುವ ಮೂವರೂ ಸೇರಿ ಕೇಳಿದೆವು. ಕೊಡಿಸಿದರು. ಒಂದು. ಗುರುವಾರ ಅದು ಯಾರ ಮನೆಯಲ್ಲಿರಬೇಕು ಅಂತ ಬುಧವಾರ ರಾತ್ರಿಯೇ ಗ್ರೂಪಿನಲ್ಲಿ ಜಗಳ ಶುರುವಾಗುತ್ತೆ.